ದೀಪ ದೊಡ್ಡದು ಮಾಡಿದ್ದು

ನಮ್ಮ ಮನೆಯಲ್ಲಿ ಇಂಟರ್‌ನೆಟ್ ಸರಿಯಾಗಿ ಸಿಗುವುದು ದೇವರ ಮನೆಯಲ್ಲಿ ಮಾತ್ರ. ಇದು ದೇವರ ಮಹಿಮೆಯಲ್ಲ, ತಂತಿ ಎಳೆದವನ ಸೋಮಾರಿತನ. ಕಂಬದಿಂದ ತಂದ ತಂತಿಯನ್ನು ಮೊದಲು ಕಂಡ ಕಿಟಕಿಯಲ್ಲಿ ತೂರಿಸಿ, ನಂಜುಂಡೇಶ್ವರನ ಪಟದ ಪಕ್ಕದಲ್ಲೇ ಮೊಳೆ ಹೊಡೆದು, ಮಿಣುಕುವ ಡಬ್ಬಿಯನ್ನು ನೇತುಹಾಕಿ ಹೋಗಿಬಿಟ್ಟ. ನಂಜನಗೂಡಿನ ಈ ಮನೆ ನಮ್ಮ ತಾತ ಕಟ್ಟಿಸಿದ್ದು, ಗೋಡೆಗಳು ಮೊಳದಪ್ಪ. ಸಿಗ್ನಲ್ಲು ನಡುಮನೆಗೆ ಬರುವಷ್ಟರಲ್ಲಿ ಸುಸ್ತಾಗಿ ಕೂತುಬಿಡುತ್ತದೆ. ಹಾಗಾಗಿ ಮಲ್ಲಿಕಾರ್ಜುನ್ ಎಂಬ ನಾನು ದೇವರ ಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು, ಲ್ಯಾಪ್‌ಟಾಪಿನ ಮುಂದೆ ಚಕ್ಕಳಮಕ್ಕಳ ಕೂತು ಸಂಬಳ ಸಂಪಾದಿಸುತ್ತಿದ್ದೆ. ಕಿಟಕಿಯಿಂದ ನೋಡಿದವರು ನನ್ನನ್ನು ಮಹಾ ಶಿವಭಕ್ತ ಅಂದುಕೊಂಡಿದ್ದರು.

ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮ ಕಂಪನಿ ಪೂಜಾ ಸಾಮಾನನ್ನು ಆನ್‌ಲೈನಿನಲ್ಲಿ ಮಾರುತ್ತದೆ. ಆಫೀಸು ಮೈಸೂರಿನಲ್ಲಿ, ಮಾಲೀಕರು ರಾಜೇಂದ್ರ ಅಂತ, ಟಿ. ನರಸೀಪುರದವರು. ಈ ಅಂಗಡಿಯ ಒಂದೊಂದು ಕೆಲಸವನ್ನೂ ಒಂದೊಂದು ಕಂಟೇನರ್ ಮಾಡುತ್ತದೆ. ಕಂಟೇನರ್ ಅಂದರೆ ಡಬ್ಬ ಅಂತಲೇ ತಿಳಿಯಿರಿ, ಒಳಗೆ ಬೇಳೆಯ ಬದಲು ಪ್ರೋಗ್ರಾಮು ಇರುತ್ತದೆ. ಗಿರಾಕಿಗೆ ಸಾಮಾನು ತೋರಿಸುವ ಡಬ್ಬಕ್ಕೆ ರಾಜೇಂದ್ರ ಅವರು 'ದೀಪ' ಎಂದು ಹೆಸರಿಟ್ಟಿದ್ದರು, ದುಡ್ಡು ಈಸಿಕೊಳ್ಳುವುದಕ್ಕೆ 'ಹುಂಡಿ', ಮೆಸೇಜು ಕಳಿಸುವುದಕ್ಕೆ 'ಗಂಟೆ'. ಜನ ಜಾಸ್ತಿಯಾದರೆ ಅಂಥವೇ ಇನ್ನಷ್ಟು ದೀಪಗಳನ್ನು ಸಾಲಾಗಿ ಓಡಿಸಬೇಕು. ಜನ ಇಲ್ಲದಾಗ ಕಡಿಮೆ ಮಾಡಬೇಕು. ಸೊನ್ನೆ ಎಂದು ಬರೆದರೆ ಅಂಗಡಿಯ ಬಾಗಿಲು ಹಾಕಿದಂತೆ. ಇದನ್ನೆಲ್ಲ ಕಪ್ಪು ಪರದೆಯ ಮೇಲೆ ಒಂದೊಂದೇ ಸಾಲು ಟೈಪು ಮಾಡಿ ನಡೆಸುತ್ತೇವೆ. ಅದಕ್ಕೆ ಕಮಾಂಡ್ ಲೈನ್ ಎನ್ನುತ್ತಾರೆ, ಅಂದರೆ ಅಪ್ಪಣೆಯ ಸಾಲು. ಮನೆಯಲ್ಲಿ ನಾನು ಅಪ್ಪಣೆ ಕೊಡುತ್ತಿದ್ದುದು ಅದೊಂದಕ್ಕೇ.

ಹೀಗೆ ಮನೆಯಿಂದಲೇ ಕೆಲಸ ಮಾಡುವ ಭಾಗ್ಯ ಸುಮ್ಮನೆ ಬಂದದ್ದಲ್ಲ. ವರ್ಷಗಟ್ಟಲೆ ಮೈಸೂರು ಬಸ್ಸಿನಲ್ಲಿ ಒಂಟಿ ಕಾಲಿನಲ್ಲಿ ನಿಂತು, ಯಾರದೋ ಸೊಪ್ಪಿನ ಬುಟ್ಟಿಗೆ ಮುಖ ಒತ್ತಿಕೊಂಡು ಓಡಾಡಿದ್ದೇನೆ. ಕೊನೆಗೆ ರಾಜೇಂದ್ರ ಅವರ ಕಾಲು ಹಿಡಿಯುವುದೊಂದು ಬಾಕಿ ಇಟ್ಟು ಉಳಿದದ್ದನ್ನೆಲ್ಲ ಮಾಡಿ ಒಪ್ಪಿಗೆ ಪಡೆದೆ. "ಕೆಲಸದ ಹೊತ್ತಿನಲ್ಲಿ ಯಂತ್ರದ ಮುಂದೆ ಇರಬೇಕು. ಒಂದ್ಸಲ ಹೆಚ್ಚು ಕಮ್ಮಿ ಆದ್ರೂ ಬಸ್ ಪಾಸ್ ಮಾಡಿಸ್ಕೊಳ್ಳಿ" ಎಂದಿದ್ದರು. ಬಿಸಿ ಉಪ್ಪಿಟ್ಟು, ಮಧ್ಯಾಹ್ನ ಒಂದು ಸಣ್ಣ ನಿದ್ದೆ, ಇವೆರಡೂ ಆ ಮಾತಿನ ಮೇಲೆ ನಿಂತಿದ್ದವು.

ಆಗ ಬಂದರು ನಮ್ಮ ಅತ್ತೆ ಚನ್ನಾಜಮ್ಮನವರು, ನನ್ನ ಹೆಂಡತಿ ಅರ್ಪಿತಳ ತಾಯಿ, ಹುಲ್ಲಹಳ್ಳಿಯಿಂದ. "ನಾಕ್ ದಿನ ಇದ್ದೋಗ್ತೀನಿ" ಎಂದು ಬಂದವರು, ಎಣಿಕೆ ಯಾವಾಗ ಶುರು ಎಂದು ಹೇಳಲಿಲ್ಲ. ಅಳಿಯ ಕೇಳುವಂತೆಯೂ ಇಲ್ಲ. ಒಳ್ಳೆಯವರು. ಆದರೆ ಬೆಳಿಗ್ಗೆ ಸಂಜೆ ದೇವರ ಮನೆಯಲ್ಲೇ ಕೂತು ಲಿಂಗಪೂಜೆ ಮಾಡುವವರು.

ಒಂದು ಸಂಜೆ ಅವರು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು. ನಾನು ಪಕ್ಕದ ಮಣೆಯ ಮೇಲೆ ಕೂತು ಫೋನಿನಲ್ಲಿ ಪಲ್ಲವಿಗೆ ಹೇಳಿಕೊಡುತ್ತಿದ್ದೆ. ಪಲ್ಲವಿ ನನ್ನ ಕೈಕೆಳಗೆ ಹೊಸದಾಗಿ ಸೇರಿದ ಹುಡುಗಿ, ನರಸೀಪುರದ ತನ್ನ ಮನೆಯಿಂದಲೇ ಕೆಲಸ ಮಾಡುವವಳು. ಬಲು ವಿಧೇಯ, ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾಳೆ.

"ಕಿಲ್ ಮಾಡು ಪಲ್ಲವಿ. ಸಾಯ್ತಾ ಇಲ್ವಾ? ಬಲವಂತವಾಗಿ ಸಾಯಿಸು. ಕರುಣೆ ತೋರಿಸ್ಬೇಡ. ಅಪ್ಪ ಹೋದ್ರೆ ಮಕ್ಕಳು ಅನಾಥವಾಗಿ ಸುತ್ತಾಡ್ತಿರ್ತವೆ, ಅವನ್ನೂ ಹುಡುಕಿ ಮುಗಿಸು."

ಅತ್ತೆ ಕಣ್ಣು ಬಿಟ್ಟರು. ಲಿಂಗವನ್ನು ಕೊರಳಿನ ಕರಡಿಗೆಯೊಳಗೆ ಇಟ್ಟು ಮುಚ್ಚಿ, ಅದಕ್ಕೆ ಕೈಮುಗಿದು, ಆಮೇಲೆ ನನ್ನ ಕಡೆ ತಿರುಗಿದರು.

"ಅಳಿಯಂದ್ರೆ, ಏನ್ ಮಾತು ಅಂತ ಆಡ್ತಿದ್ದೀರಿ? ದೇವ್ರ ಮುಂದೆ ಕೂತ್ಕಂಡು ಸಾಯ್ಸು, ಮುಗ್ಸು, ಮಕ್ಳನ್ನೂ ಬುಡ್ಬ್ಯಾಡ ಅಂತೀರಲ್ಲ. ಯಾರ್ ಮನೆ ಕೂಸುಗಳಪ್ಪ ಅವು?"

"ಕೂಸಲ್ಲ ಅತ್ತೆ, ಅವು ಡಬ್ಬ. ಕೆಟ್ಟು ಕೂತಿದಾವೆ, ನಿಲ್ಲಿಸ್ಬೇಕು."

"ಡಬ್ಬ ಆದ್ರೆ ಮುಚ್ಚು ಅನ್ನಿ. ಡಬ್ಬನ ಯಾರಾರಾ ಸಾಯ್ಸ್ತಾರ?"

ಒಳಗಿನಿಂದ ಅರ್ಪಿತ ಬಂದಳು. ನನ್ನ ಪರವಾಗಿ ಬಂದಳು ಎಂದುಕೊಂಡೆ. "ಅದಕ್ಕೇ ಕಣವ್ವ, ಈ ಮನೇಲಿ ತುಳಸಿ ಗಿಡ ಸಹ ಚಿಗುರ್ತಿಲ್ಲ" ಎಂದಳು. (ಅದಕ್ಕೆ ನೀರು ಹಾಕುವವಳು ಅವಳೇ.)

ಅಂದಿನಿಂದ ದೇವರ ಮನೆಯಲ್ಲಿ ಅಮಂಗಳದ ಮಾತು ಆಡಬಾರದೆಂದು ಅತ್ತೆ ಶಾಸನ ಹೊರಡಿಸಿದರು. ಇಂಗ್ಲಿಷಿನಲ್ಲಿ ಆಡಿದರೂ ಅಮಂಗಳವೇ, ಯಾಕೆಂದರೆ ಕಿಲ್ ಎಂದರೇನೆಂದು ಅವರಿಗೆ ಟೀವಿ ನೋಡಿ ಗೊತ್ತಿತ್ತು. ಹಾಗಾದರೆ ಏನು ಅನ್ನಲಿ ಎಂದು ಕೇಳಿದೆ.

"ನಾವೇನಂತೀವಿ? ಬಳೆ ಒಡೀತು ಅಂತೀವಾ? ಬಳೆ ಹೆಚ್ಚಾಯ್ತು ಅಂತೀವಿ. ಅಕ್ಕಿ ಮುಗೀತು ಅಂತೀವಾ? ಅಕ್ಕಿ ತುಂಬೈತೆ ಅಂತೀವಿ. ದೀಪ ಆರ್ಸು ಅಂತ ಯಾವ್ ಮುತ್ತೈದೆ ಬಾಯಲ್ಲಿ ಬತ್ತದೆ? ದೀಪ ದೊಡ್ದು ಮಾಡು ಅಂತೀವಿ. ಮನೆ ಬುಟ್ಟು ವೊಂಟ್ರೆ ಓಗ್ತೀನಿ ಅನ್ನಂಗಿಲ್ಲ, ಬತ್ತೀನಿ ಅನ್ಬೇಕು. ಇಷ್ಟೂ ತಿಳೀದ ನಿಮ್ಗೆ?"

ತಿಳಿದಿತ್ತು. ನಮ್ಮವ್ವನೂ ಹಾಗೇ ಮಾತಾಡುತ್ತಿದ್ದಳು. ಮಾರನೆಯ ದಿನ ಹಿಂಜರಿಯುತ್ತಲೇ ಪಲ್ಲವಿಗೆ ವಿಷಯ ಹೇಳಿದೆ. ಅವಳು ನಗಲಿಲ್ಲ. "ನಮ್ಮನೇಲೂ ಅಜ್ಜಿ ಹಂಗೇ ಅಂತಾರೆ ಸರ್. ನಂಗೆ ಇದೇ ಸಲೀಸು" ಎಂದಳು. ಆಮೇಲೆ ನಮ್ಮ ವ್ಯವಹಾರ ಎಷ್ಟು ಚೊಕ್ಕವಾಯಿತೆಂದರೆ, ಕೇಳಿದವರು ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದೇವೆ ಎಂದುಕೊಳ್ಳಬೇಕು. ಹುಂಡಿ ಕೆಟ್ಟರೆ "ಹುಂಡಿ ಹೆಚ್ಚಾಯ್ತು ಸರ್" ಎನ್ನುತ್ತಿದ್ದಳು. ಜಾಗ ಖಾಲಿ ಮಾಡಿಸಬೇಕಾದರೆ ನಾನು "ತುಂಬಿಸಮ್ಮ" ಎನ್ನುತ್ತಿದ್ದೆ. ರಾತ್ರಿಯಲ್ಲಿ ಗಿರಾಕಿಗಳು ಬರುವುದಿಲ್ಲವಾದ್ದರಿಂದ ಅಂಗಡಿ ನಿಲ್ಲಿಸುವುದು ನಮ್ಮಲ್ಲಿ ರೂಢಿ, ಆಗ "ದೀಪ ದೊಡ್ಡದು ಮಾಡು" ಎನ್ನುತ್ತಿದ್ದೆ. ಅವಳು ಸೊನ್ನೆ ಬರೆದು "ಆಯ್ತು ಸರ್" ಎನ್ನುತ್ತಿದ್ದಳು. ಅತ್ತೆ ತೃಪ್ತಿಯಿಂದ ತಲೆಯಾಡಿಸುತ್ತಿದ್ದರು. ನನಗೂ ಒಂಥರಾ ಹೆಮ್ಮೆ. ಕಂಟೇನರುಗಳನ್ನು ಮಡಿ ಉಡಿಸಿ ಓಡಿಸಿದ ಮೊದಲಿಗ ನಾನೇ ಇರಬೇಕು ಎಂದುಕೊಂಡು ಒಳಗೊಳಗೇ ಮೀಸೆ ತಿರುವುತ್ತಿದ್ದೆ.

ಶ್ರಾವಣ ಬಂತು. ವರ್ಷದಲ್ಲಿ ನಮ್ಮ ಕಂಪನಿಗೆ ಅದೇ ಸುಗ್ಗಿ. ರಾಜೇಂದ್ರ ಅವರು ಪಂಚಾಂಗ ನೋಡಿ, ಶ್ರಾವಣದ ರಿಯಾಯಿತಿ ಮಾರಾಟವನ್ನು ಒಂದು ಶುಭದಿನದ ಗೋಧೂಳಿ ಲಗ್ನಕ್ಕೆ ತೆರೆಯುವುದೆಂದು ಸಾರಿದರು. "ಮಲ್ಲಿಕಾರ್ಜುನ್, ಆವತ್ತು ನೀವು ಜಾಗ ಬಿಟ್ಟು ಅಲ್ಲಾಡಬಾರದು" ಎಂದರು. ದೇವರ ಮನೆಯಲ್ಲಿ ಕೂತು "ಇಲ್ಲ ಸರ್" ಎಂದು ಮಾತು ಕೊಟ್ಟೆ.

ತೊಂದರೆ ಏನೆಂದರೆ, ಅದೇ ಪಂಚಾಂಗವನ್ನು ಹುಲ್ಲಹಳ್ಳಿಯವರೂ ನೋಡಿದ್ದರು. ಅತ್ತೆಯ ತಮ್ಮ ಚಿಕ್ಕಬಸಪ್ಪನವರ ಹೊಸ ಮನೆಯ ಗೃಹಪ್ರವೇಶ ಅದೇ ದಿನ, ಅದೇ ಗೋಧೂಳಿಗೆ.

"ನಾನು ಬರಕ್ಕಾಗಲ್ಲ ಅತ್ತೆ, ಕೆಲಸ ಇದೆ" ಎಂದೆ.

"ಅಳಿಯನೇ ದೀಪ ಇಡ್ಕಂಡು ವಸ್ಲು ದಾಟ್ಬೇಕು ಅಂತ ಚಿಕ್ಕಬಸಪ್ಪ ಅಂದವ್ನೆ. ಅವನ್ಗೆ ಎಣ್ಮಕ್ಳಿಲ್ಲ. ಅವನ್ಗೂ ನೀವೇ ಅಳಿಯ."

"ಕೆಲಸ ಹೋಗುತ್ತೆ ಅತ್ತೆ."

"ಓಗ್ತದೆ ಅನ್ಬ್ಯಾಡಿ, ಬತ್ತದೆ ಅನ್ನಿ."

ಅರ್ಪಿತ ಮಧ್ಯೆ ಬಂದು ತೀರ್ಪು ಕೊಟ್ಟಳು. "ಲ್ಯಾಪ್‌ಟಾಪ್ ತಗೊಂಡು ಬನ್ನಿ. ಪಲ್ಲವಿ ಇದ್ದಾಳಲ್ಲ. ನಿಮ್ಮ ಸಾಹೇಬ್ರಿಗೆ ನೀವು ಯಾವ ದೇವರ ಮನೇಲಿದ್ದೀರಿ ಅಂತ ಏನು ಗೊತ್ತಾಗುತ್ತೆ?" ನನಗೂ ಹಾಗೇ ಅನ್ನಿಸಿತು. ಹೋದೆ. ಹುಲ್ಲಹಳ್ಳಿ ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆ.

ಹೊಸ ಮನೆಯಲ್ಲಿ ಮೂಲೆಯೊಂದರಲ್ಲಿ ಕೂತು ಲ್ಯಾಪ್‌ಟಾಪ್ ಬಿಚ್ಚುವುದಕ್ಕೂ, ಚಿಕ್ಕಬಸಪ್ಪನವರು ಬಂದು "ಏಳಿ ಏಳಿ, ಒತ್ತಾಯ್ತು" ಎಂದು ನನ್ನನ್ನು ಎಬ್ಬಿಸಿ ಹೊರಗೆ ನಿಲ್ಲಿಸುವುದಕ್ಕೂ ಸರಿಹೋಯಿತು. ತಲೆಗೆ ಪೇಟ ಕಟ್ಟಿದರು. ಎರಡು ಕೈಗೂ ಸೇರಿಸಿ ದೊಡ್ಡ ತಟ್ಟೆ ಕೊಟ್ಟರು. ತಟ್ಟೆಯ ನಡುವೆ ಉರಿಯುವ ದೀಪ, ಸುತ್ತ ಅಕ್ಕಿ, ಬೆಲ್ಲ, ಒಂದು ಚಿಪ್ಪು ರಸಬಾಳೆ. ಗಾಳಿಗೆ ದೀಪ ಆರದಂತೆ ನೋಡಿಕೊಳ್ಳುವುದೇ ನನ್ನ ಜವಾಬ್ದಾರಿ ಎಂದರು. ಅತ್ತೆ ಒಳಗೆ ಹಾಲು ಉಕ್ಕಿಸಲು ಒಲೆಯ ಮುಂದೆ ಕೂತಿದ್ದರು. ಓಲಗದವರು ಶುರು ಮಾಡಿದರು. ಅಷ್ಟರಲ್ಲಿ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಅರ್ಪಿತಾ, ತೆಗೆದು ಕಿವಿಗೆ ಇಡು!"

ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ನನ್ನ ಫೋನು ಹಿಡಿದು ಅರ್ಪಿತ ಪಕ್ಕದಲ್ಲಿ ನಿಂತಳು. ನೋಡಿದವರಿಗೆ ಅದೂ ಶಾಸ್ತ್ರದ ಒಂದು ಭಾಗದಂತೆ ಕಂಡಿರಬೇಕು.

"ಸರ್, ಮಾರಾಟ ಶುರುವಾಯ್ತು, ಜನ ನುಗ್ತಾ ಇದ್ದಾರೆ. ದೀಪ ತಡ್ಕೊಳ್ತಾ ಇಲ್ಲ. ಏನ್ ಮಾಡ್ಲಿ?"

ಏನು ಮಾಡಬೇಕೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ದೀಪದ ಡಬ್ಬಗಳನ್ನು ಜಾಸ್ತಿ ಮಾಡಬೇಕು, ದೊಡ್ಡ ಗುಂಪಿಗೆ ದೊಡ್ಡ ಸಾಲು. ಓಲಗದ ಸದ್ದು ಮೀರಿ ಕೇಳಿಸುವಂತೆ ದನಿ ಎತ್ತಿ ಹೇಳಿದೆ. "ದೀಪ ದೊಡ್ಡದು ಮಾಡು!"

"ದೊಡ್ಡದು ಮಾಡ್ಲಾ ಸರ್? ಈಗ್ಲೇನಾ?"

"ಈಗಲ್ದೆ ಇನ್ಯಾವಾಗ?"

"ಜನ ಬಂದವ್ರೆ ಸರ್!" ಗಾಬರಿಗೆ ಅವಳ ಬಾಯಲ್ಲಿ ಮನೆಯ ಮಾತು ಬಂದುಬಿಟ್ಟಿತ್ತು.

"ಜನ ಬಂದಿರೋದಕ್ಕೇ ಕಣಮ್ಮ ದೊಡ್ಡದು ಮಾಡು ಅಂತಿರೋದು. ಯೋಚನೆ ಮಾಡ್ಬೇಡ, ಪೂರ್ತಿ ದೊಡ್ಡದು ಮಾಡು!"

"ಆಯ್ತು ಸರ್" ಎಂದಳು ಪಲ್ಲವಿ, ಸಣ್ಣ ದನಿಯಲ್ಲಿ. ಸ್ವಲ್ಪ ಹೊತ್ತಿಗೆ "ಮಾಡಿದ್ದೀನಿ ಸರ್" ಎಂದಳು. ನಾನು ನಿರಾಳವಾಗಿ ಬಲಗಾಲಿಟ್ಟು ಹೊಸಲು ದಾಟಿದೆ. ತಟ್ಟೆಯ ದೀಪ ಒಂಚೂರೂ ಅಲುಗಲಿಲ್ಲ. ಹಾಲು ಉಕ್ಕಿತು. ಎಲ್ಲರೂ ನನ್ನನ್ನು ಹೊಗಳಿದರು.

ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಹೋಳಿಗೆಯ ಮೇಲೆ ತುಪ್ಪ ಬಿದ್ದಿತ್ತು. ಆಗ ಅರ್ಪಿತ ಬಂದು, "ರೀ, ಅತ್ತೆಮ್ಮ ನಿಮ್ಮಂಗಡೀಲಿ ದೀಪದ ಕಂಬ ತಗೋಬೇಕು ಅಂತ ನೋಡ್ತಾ ಇದ್ದಾರೆ. ಅಂಗಡಿನೇ ತೆರೀತಿಲ್ಲ" ಎಂದಳು. ಅತ್ತೆಮ್ಮ ಎಂದರೆ ಚಿಕ್ಕಬಸಪ್ಪನವರ ಹೆಂಡತಿ, ಅಂದಿನ ಮನೆಯೊಡತಿ.

"ನೂಕುನುಗ್ಗಲು ಅಲ್ವಾ, ಒಂಚೂರು ತಡ ಆಗುತ್ತೆ" ಎಂದು ನಾನು ಎಲೆಯ ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿದೆ. "ನಾನು ಆಗಲೇ ಪಲ್ಲವಿಗೆ ಹೇಳಿದ್ದೀನಿ. ದೀಪ ದೊಡ್ಡದು ಮಾಡಿದ್ದಾಳೆ."

ಕೋಸಂಬರಿ ಬಡಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ದೊಡ್ದು ಮಾಡ್ಬುಟ್ಳಾ? ಯಾಪಾರದ ಒತ್ನಲ್ಲಿ ಯಾಕೆ ದೊಡ್ದು ಮಾಡ್ಸಿದ್ರಿ?"

ಬಾಯಲ್ಲಿದ್ದ ಹೋಳಿಗೆ ಬಾಯಲ್ಲೇ ಉಳಿಯಿತು. ಕೈ ತೊಳೆಯಲು ವ್ಯವಧಾನವಿಲ್ಲದೆ ತುಪ್ಪದ ಕೈಯಲ್ಲೇ ಫೋನು ಒತ್ತಿದೆ. ಎದ್ದು ನಿಂತೆ. ಪಂಕ್ತಿಯ ನಡುವೆ ಏಳಬಾರದೆಂಬುದು ಮರೆತೇಹೋಯಿತು.

"ಪಲ್ಲವಿ! ದೀಪ ಆರಿಸಿಬಿಟ್ಟೆಯಾ? ಆರಿಹೋಯ್ತಾ ದೀಪ?"

ಓಲಗದವರೂ ಊದುವುದು ನಿಲ್ಲಿಸಿದರು. ಎಲ್ಲರೂ ಮೊದಲು ನನ್ನನ್ನು, ಆಮೇಲೆ ನಡುಮನೆಯಲ್ಲಿ ಚೆನ್ನಾಗಿಯೇ ಉರಿಯುತ್ತಿದ್ದ ದೀಪವನ್ನು ನೋಡಿದರು.

"ನೀವೇ ದೊಡ್ಡದು ಮಾಡು ಅಂದ್ರಲ್ಲ ಸರ್! ಎರಡೆರಡು ಸಲ ಕೇಳಿದೆ. ಯಾರೋ ಕಳ್ಳರು ನುಗ್ಗಿದ್ದಾರೇನೋ, ಅದಕ್ಕೆ ಬಾಗಿಲು ಹಾಕಿಸ್ತಿದ್ದೀರಿ ಅಂದ್ಕೊಂಡೆ."

"ಅಯ್ಯೋ, ಆ ದೊಡ್ಡದಲ್ಲಮ್ಮ, ನಿಜವಾದ ದೊಡ್ಡದು! ದೀಪ ಹೆಚ್ಚು ಮಾಡು!"

"ಹೆಚ್ಚು ಮಾಡೋದು ಅಂದ್ರೆ ಒಡೆಯೋದಲ್ವಾ ಸರ್?"

"ಒಡೀಬೇಡ! ತುಂಬಿಸು!"

"ತುಂಬಿಸು ಅಂದ್ರೆ ಖಾಲಿ ಅಂತ ನೀವೇ ಹೇಳ್ಕೊಟ್ಟಿದ್ರಿ ಸರ್." ಹುಡುಗಿ ಅಳುವುದೊಂದು ಬಾಕಿ.

ಆಗ ನನಗೆ ಅರ್ಥವಾಯಿತು. ಬೆಳೆಯುವುದಕ್ಕೆ, ಹೆಚ್ಚುವುದಕ್ಕೆ, ತುಂಬುವುದಕ್ಕೆ ಕನ್ನಡದಲ್ಲಿ ಇರುವ ಒಳ್ಳೊಳ್ಳೆಯ ಮಾತುಗಳನ್ನೆಲ್ಲ ನಾವಿಬ್ಬರೂ ಸೇರಿ ಮುರಿಯುವುದಕ್ಕೆ, ಮುಗಿಯುವುದಕ್ಕೆ ಖರ್ಚು ಮಾಡಿಬಿಟ್ಟಿದ್ದೆವು. ಡಬ್ಬಗಳನ್ನು ಜಾಸ್ತಿ ಮಾಡುವುದಕ್ಕೆ ಇರುವ ಸ್ಕೇಲ್ ಎಂಬ ಇಂಗ್ಲಿಷ್ ಪದವಾದರೂ ನೆನಪಾಗಬೇಡವೇ? ಆಗಲಿಲ್ಲ. ಪೇಟ ಕಣ್ಣಿನ ಮೇಲೆ ಜಾರಿತು. ಕೊನೆಗೆ ಹೇಗೋ ಒಂದು ಮಾತು ಹೊರಬಿತ್ತು.

"ಹೆಚ್ಚು ಅಲ್ಲ, ಹಚ್ಚು! ದೀಪ ಹಚ್ಚು! ಒಂದಲ್ಲ, ಸಾಲಾಗಿ ಹಚ್ಚು! ಎಷ್ಟಿದಾವೋ ಅಷ್ಟೂ ಹಚ್ಚು!"

ಪಲ್ಲವಿಗೆ ಅರ್ಥವಾಯಿತು. ಅವಳೊಬ್ಬಳಿಗೇ ಅಲ್ಲ, ಇಡೀ ಮನೆಗೆ ಅರ್ಥವಾಯಿತು. ಅಳಿಯನ ಮೈಮೇಲೆ ದೇವರು ಬಂದಿದೆ ಎಂದುಕೊಂಡ ಹೆಂಗಸರು ಗಡಬಡಿಸಿ ಎದ್ದು, ಹಣತೆ, ಸೊಡರು, ಕೊನೆಗೆ ಮೇಣದ ಬತ್ತಿ ಸಹಿತ ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚಿ ಜಗುಲಿಯಿಂದ ಹಿತ್ತಿಲವರೆಗೆ ಸಾಲಾಗಿ ಇಟ್ಟರು. ಚಿಕ್ಕಬಸಪ್ಪನವರು ಟವಲು ಸೊಂಟಕ್ಕೆ ಕಟ್ಟಿ ನನಗೆ ಕೈಮುಗಿದರು. "ಇನ್ನೇನಪ್ಪಣೆ?" ಎಂದು ಕೇಳಿದರು. ಅಪ್ಪಣೆಯ ಸಾಲಿನವನಿಗೆ ಜನ್ಮದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.

"ಬಂತು ಸರ್, ಅಂಗಡಿ ತೆರೀತು" ಎಂದಳು ಪಲ್ಲವಿ. ಗೋಧೂಳಿ ಮುಗಿದು, ಬಂದ ಗಿರಾಕಿಗಳಲ್ಲಿ ಮುಕ್ಕಾಲು ಮಂದಿ ಬೇರೆ ಅಂಗಡಿಗೆ ಹೋಗಿಯಾಗಿತ್ತು. ಹಿಂದೆಯೇ ರಾಜೇಂದ್ರ ಅವರ ಫೋನು ಬಂತು.

"ಎಲ್ಲಿದ್ದೀರಿ ಮಲ್ಲಿಕಾರ್ಜುನ್?"

"ದೇವರ ಮನೇಲಿ ಸರ್."

ಆ ಮಾತಿಗೇ ಕಾದಿದ್ದವರಂತೆ ಓಲಗದವರು ಮತ್ತೆ ಊದತೊಡಗಿದರು, ಡೋಲಿನ ಸಮೇತ.

"ನಿಮ್ಮ ದೇವರ ಮನೇಲಿ ಓಲಗ ಬೇರೆ ಇದೆಯಾ?" ಎಂದರು ರಾಜೇಂದ್ರ. ಆಮೇಲೆ ತಣ್ಣಗೆ ಹೇಳಿದರು. "ಪಲ್ಲವಿ ಎಲ್ಲಾ ಹೇಳಿದ್ಲು. ನಾಳೆ ಬೆಳಿಗ್ಗೆ ಆಫೀಸಿಗೆ ಬನ್ನಿ. ನಿಮ್ಮನ್ನ ದೊಡ್ಡದು ಮಾಡೋದು ಅಂತ ತೀರ್ಮಾನ ಮಾಡಿದ್ದೀನಿ."

ಫೋನು ಇಟ್ಟುಬಿಟ್ಟರು. ನಾನು ಆ ಮಾತನ್ನು ಹಿಡಿದುಕೊಂಡು ಹಣತೆಗಳ ನಡುವೆ ನಿಂತೆ. ಯಾವ ದೊಡ್ಡದು? ಅವರು ನರಸೀಪುರದವರು, ಆ ಅರ್ಥವೂ ಗೊತ್ತಿರಬೇಕು. ಕಂಪನಿಯ ಮಾಲೀಕರು, ಈ ಅರ್ಥವೂ ಇರಬಹುದು. ಅರ್ಪಿತಳಿಗೆ ಯಾವ ಅನುಮಾನವೂ ಬರಲಿಲ್ಲ. "ಕಷ್ಟದಲ್ಲಿ ಕೈಬಿಡದೆ ಅಂಗಡಿ ತೆರೆಸಿದ್ರಿ ಅಂತ ಪ್ರಮೋಷನ್ ಕಣ್ರೀ!" ಎಂದು ಅಲ್ಲೇ ಹತ್ತು ಜನಕ್ಕೆ ಹೇಳಿದಳು. ಅತ್ತೆ ಮಾತ್ರ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ಅದನ್ನು ನೋಡಿಯೇ ನನಗೆ ಅರ್ಧ ಗೊತ್ತಾಯಿತು.

ಮರುದಿನ ಆಫೀಸಿನಲ್ಲಿ ಕೆಲಸ ಬೇಗ ಮುಗಿಯಿತು. "ನಮ್ಮಜ್ಜಿನೂ ಹಂಗೇ ಅನ್ನೋರು ಕಣ್ರೀ" ಎಂದರು ರಾಜೇಂದ್ರ, ನಗದೆ. "ನಿಮ್ಮ ಮನೆಯಿಂದ ಮಾಡೋ ಕೆಲಸ ದೊಡ್ಡದಾಯ್ತು. ನಾಳೆಯಿಂದ ದಿನಾ ಇಲ್ಲೇ ಬನ್ನಿ. ದೀಪ ಪಲ್ಲವಿ ನೋಡ್ಕೊಳ್ತಾಳೆ, ಮನೆಯಿಂದಲೇ. ಅವಳು ಹೇಳಿದ್ದನ್ನ ಹೇಳಿದ ಹಾಗೆ ಮಾಡ್ತಾಳೆ. ಹೇಳೋರು ಸರಿಯಾಗಿ ಹೇಳ್ಬೇಕು ಅಷ್ಟೆ."

ಮನೆಗೆ ಬಂದರೆ ಜಗುಲಿಯ ತುಂಬ ಅಕ್ಕಪಕ್ಕದವರು. ಅರ್ಪಿತ ಮೈಸೂರು ಪಾಕು ಹಂಚುತ್ತಿದ್ದಳು. ಎದುರು ಮನೆಯ ಚಿಕ್ಕಸ್ವಾಮಿಯವರು ನನ್ನ ಕೈ ಕುಲುಕಿ, "ದೊಡ್ಡೋರಾಗ್ಬುಟ್ರಂತೆ ಸಾ!" ಎಂದರು. ಹೌದು ಎಂದೆ. ಅದು ಸುಳ್ಳೂ ಅಲ್ಲ. ನನ್ನ ಬಾಯಿಗೂ ಒಂದು ತುಂಡು ತುರುಕಿದರು. ಒಳಗೆ ಬಂದಾಗ ಅತ್ತೆ ಮೆಲ್ಲಗೆ ಕೇಳಿದರು. "ಯಾವ್ ದೊಡ್ದು ಅಳಿಯಂದ್ರೆ?"

"ನಿಮ್ಮ ದೊಡ್ಡದು, ಅತ್ತೆ."

"ನೆನ್ನೇನೇ ಗೊತ್ತಿತ್ತು" ಎಂದರು. "ಮಗ್ಳು ಸಂತೋಸ್ವಾಗಿದ್ಲು. ನೀವೂ ಒಂದ್ ರಾತ್ರಿ ನೆಮ್ದಿಯಾಗಿ ಮಲೀಕಳಿ ಅಂತ ಸುಮ್ಕಾದೆ." ನಿಜ ಹೇಳಬೇಕೆಂದರೆ, ಅವರ ಮೇಲೆ ಇದ್ದ ಸಿಟ್ಟೆಲ್ಲ ಆ ಮಾತಿಗೆ ಇಳಿದುಹೋಯಿತು.

ಮಾರನೆಯ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊಸಲಲ್ಲಿ ನಿಂತೆ. "ಹೋಗ್ತೀನಿ" ಎನ್ನಲು ಬಾಯಿ ತೆರೆದೆ. ಅತ್ತೆ ನೋಡಿದರು. "ಬರ್ತೀನಿ" ಎಂದೆ. ಗೇಟು ದಾಟುವಾಗ ಅವರು ಅರ್ಪಿತಳಿಗೆ ಹೇಳುವುದು ಕೇಳಿಸಿತು. "ಅಳಿಯಂದ್ರು ಓದ್ಮೇಲೆ ದೇವ್ರ ಮನೆ ತುಂಬ್ದಂಗಾಯ್ತು ಕಣವ್ವ." ಅದು ಬೇಜಾರೋ, ನೆಮ್ಮದಿಯೋ? ತಿರುಗಿ ಕೇಳುವ ಧೈರ್ಯ ಬರಲಿಲ್ಲ.

ಬಸ್ಸು ನಿಂತಿತು. ಕಂಡಕ್ಟರು ಬಾಗಿಲಲ್ಲೇ ನೇತಾಡುತ್ತಾ, "ತುಂಬೈತೆ, ತುಂಬೈತೆ" ಎಂದು ಕೂಗಿದ. ಇಷ್ಟು ದಿನದ ಅಭ್ಯಾಸ ನೋಡಿ, ನನಗೆ ಬಲು ಆಸೆಯಾಯಿತು. ಕಿಟಕಿ ಪಕ್ಕದ ಸೀಟೇ ಸಿಗಬಹುದು ಎಂದುಕೊಂಡು ನಗುನಗುತ್ತಾ ಹತ್ತಿದೆ.

ನಿಜವಾಗಿಯೂ ತುಂಬಿತ್ತು.